ಬರ್ಕ್ಲಿಯಲ್ಲಿ ಉಳಿತಾಯದ ಲೆಕ್ಕ

ಇವತ್ತು ಕ್ಯಾಲಿಫೋರ್ನಿಯಾದ ಬರ್ಕ್ಲಿ ಯೂನಿವರ್ಸಿಟಿ ಕಥೆ.

2008ರ ಆರ್ಥಿಕ ಕುಸಿತದ ನಂತರ ರಾಜ್ಯ ಸರ್ಕಾರ ಅನುದಾನ ಕಡಿತ ಮಾಡ್ತು. 2009ರ ನವೆಂಬರ್‌ನಲ್ಲಿ ಫೀಸು 32% ಏರಿಸೋ ತೀರ್ಮಾನ ಆಯ್ತು. ವಿದ್ಯಾರ್ಥಿಗಳು ವೀಲರ್ ಹಾಲ್‌ನಲ್ಲಿ ಬಾಗಿಲು ಹಾಕ್ಕೊಂಡು ಕೂತ್ರು.

ಅದೇ ಹೊತ್ತಿಗೆ ಆಡಳಿತದವರು ಬೇನ್ ಅಂಡ್ ಕಂಪನಿಗೆ ಸುಮಾರು 30 ಲಕ್ಷ ಡಾಲರ್ ಕೊಟ್ಟು ಸಲಹೆ ಕೇಳಿದ್ರು. 2010ರಲ್ಲಿ ಬಂದ ಉತ್ತರ: ವರ್ಷಕ್ಕೆ ಸುಮಾರು 7.5 ಕೋಟಿ ಡಾಲರ್ ಉಳಿಸಬಹುದು. ಅದರಲ್ಲಿ ಒಂದು ದಾರಿ, ವಿಭಾಗಗಳಲ್ಲಿ ಹಂಚಿಹೋಗಿದ್ದ ಎಚ್‌ಆರ್, ಹಣಕಾಸು, ಐಟಿ ಕೆಲಸಗಳನ್ನ ಒಂದೇ ಕಡೆ ತರೋದು. 2013ರಲ್ಲಿ ಕ್ಯಾಂಪಸ್‌ನಿಂದ ದೂರ, ಫೋರ್ತ್ ಸ್ಟ್ರೀಟ್‌ನಲ್ಲಿ ಆ ಕೇಂದ್ರ ಶುರುವಾಯ್ತು.

ಬಿ.ಕಾಂ. ಓದಿದ ನನಗೆ ಇದು ಮೊದಲು ಸರಿ ಅನಿಸುತ್ತೆ. ಕೆಲಸ ಒಟ್ಟಿಗೆ ಮಾಡಿದಷ್ಟೂ ಖರ್ಚು ಇಳಿಯುತ್ತೆ ಅಂತಲೇ ನಾವು ಕಲಿತಿದ್ದು. ಆದ್ರೆ ವಿಭಾಗದ ಗುಮಾಸ್ತರಿಗೆ ಬಿಲ್ ಪಾಸ್ ಮಾಡೋದಷ್ಟೇ ಅಲ್ಲ, ಯಾವ ಗ್ರಾಂಟ್ ಯಾವಾಗ ಮುಗಿಯುತ್ತೆ, ಯಾವ ಮೇಷ್ಟ್ರು ರಸೀದಿ ಮರೀತಾರೆ ಅನ್ನೋದೂ ಗೊತ್ತಿರುತ್ತೆ. ಆ ತಿಳಿವಳಿಕೆ ಯಾವ ಲೆಡ್ಜರ್‌ನಲ್ಲೂ ಇಲ್ಲ. ಅವರು ದೂರ ಹೋದ್ರೆ ಪಕ್ಕದ ರೂಮಲ್ಲಿ ಕೇಳಿ ಮುಗಿಸ್ತಿದ್ದ ಕೆಲಸ ಟಿಕೆಟ್ ಆಗಿ ಕ್ಯೂನಲ್ಲಿ ನಿಲ್ಲುತ್ತೆ. ಸಂಬಳದ ಖರ್ಚು ಇಳಿದಂತೆ ಕಾಣುತ್ತೆ, ಮೇಷ್ಟ್ರು ಕಳೆದ ಗಂಟೆಗಳು ಮಾತ್ರ ಯಾವ ಲೆಕ್ಕಕ್ಕೂ ಬರಲ್ಲ.

ದೂರುಗಳು ಹೆಚ್ಚಾದವು. 2016ರಲ್ಲಿ ಯೂನಿವರ್ಸಿಟಿ ಆ ಒಂದೇ ಕೇಂದ್ರವನ್ನ ಒಡೆದು, ವಿಭಾಗಗಳಿಗೆ ಹತ್ತಿರವಾದ ಪ್ರಾದೇಶಿಕ ತಂಡಗಳನ್ನ ಮಾಡೋಕೆ ಹೊರಟಿತು.

ನಿಮ್ಮ ಕಾಲೇಜಲ್ಲೋ ಆಫೀಸಲ್ಲೋ ಯಾರಾದ್ರೂ "ಎಲ್ಲ ಒಂದೇ ಕಡೆ ತಂದ್ರೆ ದುಡ್ಡು ಉಳಿಯುತ್ತೆ" ಅಂದ್ರೆ ಒಂದು ಪ್ರಶ್ನೆ ಕೇಳಿ: ಕೆಲಸ ನಿಜಕ್ಕೂ ಕಡಿಮೆ ಆಯ್ತಾ, ಇಲ್ಲ ಇನ್ನೊಬ್ಬರ ತಲೆ ಮೇಲೆ ಬಿತ್ತಾ?