ಉನ್ನತ ಮದ್ರಸ ಶಿಕ್ಷಣ ಮತ್ತು ನೆಲದ ಭಾಷೆ

ಬೀದರಿಗೆ ಹೋದವರು ಮಹಮೂದ್ ಗವಾನ್ ಮದ್ರಸದ ಉಳಿದ ಒಂದೇ ಮಿನಾರನ್ನೂ ಅದರ ಬಣ್ಣದ ಹೆಂಚುಗಳನ್ನೂ ನೋಡಿ ಮರಳುತ್ತಾರೆ. ಇರಾನಿನ ಗೀಲಾನಿನಿಂದ ಬಂದು ಬಹಮನಿ ರಾಜ್ಯದ ವಜೀರನಾದ ಗವಾನ್ 1472ರಲ್ಲಿ ಕಟ್ಟಿಸಿದ ಈ ವಿದ್ಯಾಲಯದಲ್ಲಿ ಗ್ರಂಥಾಲಯ, ಮಸೀದಿ, ಪಾಠದ ಕೋಣೆಗಳು, ಗುರುಶಿಷ್ಯರ ವಸತಿ ಎಲ್ಲವೂ ಇದ್ದವು. 1696ರ ಸ್ಫೋಟದಲ್ಲಿ ಕಟ್ಟಡದ ಒಂದು ಭಾಗ ಕುಸಿಯಿತು.

ಅಂದಿನ ವಿದ್ವಾಂಸರ ಭಾಷೆ ಅರಬಿ ಮತ್ತು ಫಾರಸಿ. ಜನಸಾಮಾನ್ಯರಿಗೆ ಆ ವಿದ್ಯೆ ತಲುಪಿದ್ದು ಬೇರೆ ದಾರಿಯಿಂದ. 17ನೇ ಶತಮಾನದ ಬಿಜಾಪುರದ ಸೂಫಿಗಳು ದಖನಿಯಲ್ಲಿ 'ಚಕ್ಕಿನಾಮಾ'ಗಳನ್ನು ರಚಿಸಿದರು. ಹಿಟ್ಟು ಬೀಸುತ್ತಾ ಹೆಂಗಸರು ಹಾಡುವ ಹಾಡುಗಳಿವು. ಬೀಸುವ ಕಲ್ಲಿನ ಹಿಡಿ, ಗೂಟಗಳೇ ಅಲ್ಲಾಹನನ್ನೂ ಪ್ರವಾದಿಯವರನ್ನೂ ನೆನಪಿಸುವ ಪಾಠಗಳಾದವು. ನಮ್ಮ ಹಳ್ಳಿಗಳ ಬೀಸುವ ಪದಗಳನ್ನು ಬಲ್ಲವರಿಗೆ ಇದರ ಸೊಗಸು ಹೇಳಬೇಕಿಲ್ಲ.

ಅರಸೊತ್ತಿಗೆಯ ಆಸರೆ ಹೋದ ಮೇಲೆ, 1866ರಲ್ಲಿ ಶುರುವಾದ ದೇವಬಂದ್ ಮದ್ರಸ ಜನರ ಚಂದಾ ಹಣದಿಂದಲೇ ಬೆಳೆಯಿತು. ಅಲ್ಲಿ ಅರಬಿ ಗ್ರಂಥಗಳನ್ನು ವಿವರಿಸಿದ್ದು ಉರ್ದುವಿನಲ್ಲಿ. ಇಂದು ಮದ್ರಸದ ಭಾಷೆಯೆಂದೇ ಗುರುತಿಸುವ ಉರ್ದು, ಅಂದು ಆ ಸೀಮೆಯ ಜನರ ಆಡುಮಾತು ಎಂಬುದನ್ನು ನಾವು ಮರೆತಿದ್ದೇವೆ.

ಸ್ವತಂತ್ರ ಭಾರತದ ಸಂವಿಧಾನವು 30ನೇ ವಿಧಿಯಲ್ಲಿ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ಪೂರ್ಣವಾಗಿ ಸರ್ಕಾರಿ ಹಣದಲ್ಲಿ ನಡೆಯುವ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂದು 28ನೇ ವಿಧಿ ಹೇಳುತ್ತದೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಉತ್ತರ ಪ್ರದೇಶದ ಮದ್ರಸ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಮದ್ರಸ ಮಂಡಳಿಯು ಕಾಮಿಲ್, ಫಾಜಿಲ್ ಎಂಬ ಉನ್ನತ ಪದವಿಗಳನ್ನು ಕೊಡುವುದು ಯುಜಿಸಿ ಕಾಯ್ದೆಗೆ ವಿರುದ್ಧವೆಂದಿತು. ಮದ್ರಸ ಉಳಿಯಿತು, ಅದರ ಮೇಲಂತಸ್ತಿನ ಪದವಿಗೆ ಮಾನ್ಯತೆ ಇಲ್ಲದಾಯಿತು. ವರ್ಷಗಟ್ಟಲೆ ಓದಿದ ಹುಡುಗರು ಮುಂದೇನು ಮಾಡಬೇಕು?

ಪದವಿಯ ಪ್ರಶ್ನೆ ಕಾನೂನಿನದು, ಭಾಷೆಯ ಪ್ರಶ್ನೆ ನಮ್ಮದು. ಉರ್ದುವಿನಲ್ಲೂ ಕನ್ನಡದಲ್ಲೂ ಓದಿದ ನನಗೆ ಎರಡೂ ಬೇಕು. ಆದರೆ ಕನ್ನಡ ಶಾಲೆಯಲ್ಲಿ ಕಲಿತ ಮಗುವಿಗೆ ಜುಮಾ ಪ್ರವಚನ ಅರ್ಥವಾಗದಿದ್ದರೆ, ನೆರೆಯವನ ಸಂಶಯಕ್ಕೆ ಆಲಿಮ್ ಕನ್ನಡದಲ್ಲಿ ಉತ್ತರಿಸಲಾರದಿದ್ದರೆ, ತಪ್ಪು ಮಗುವಿನದೂ ಅಲ್ಲ, ನೆರೆಯವನದೂ ಅಲ್ಲ. ಬಿಜಾಪುರದ ಸೂಫಿಗಳು ಬೀಸುವ ಕಲ್ಲಿನ ಬಳಿಗೆ ತಾವೇ ಹೋದರು. ನಮ್ಮ ಉನ್ನತ ಮದ್ರಸಗಳು ಕನ್ನಡದ ಬಳಿಗೆ ಬರಲು ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ.