ಪಾಲಿಸಿ ಜಾರಿ ವ್ಯಾಜ್ಯ (ಜೀವವಿಮೆ)

ಪಾಲಿಸಿದಾರ ತೀರಿಕೊಂಡ ದಿನ ಅವನ ಜೀವವಿಮಾ ಪಾಲಿಸಿ ಜಾರಿಯಲ್ಲಿತ್ತೇ, ಲ್ಯಾಪ್ಸ್ ಆಗಿತ್ತೇ ಎಂದು ನಾಮಿನಿಗೂ ವಿಮಾ ಸಂಸ್ಥೆಗೂ ನಡೆಯುವ ವ್ಯಾಜ್ಯ. ಸಾವಿನ ಬಗ್ಗೆ ತಕರಾರಿರುವುದು ಕಡಿಮೆ. ಕಂತಿನ ಹಣ ಯಾವ ದಿನ ಯಾರ ಕೈಯಲ್ಲಿತ್ತು ಎಂಬುದೇ ಬಹುತೇಕ ಜಗಳದ ಮೂಲ.

ಉಡುಪಿ ಬಳಿಯ ಮಣಿಪಾಲ, ಪರ್ಕಳ, ಹಿರಿಯಡ್ಕದ ಕಡೆಯವರಿಗೆ ಇದನ್ನು ಪಿಗ್ಮಿಯಿಂದ ವಿವರಿಸುವುದೇ ಸುಲಭ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟ್ ಮನೆ, ಅಂಗಡಿಯ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಾದರೂ ಪಡೆದು ಬರೆದುಕೊಳ್ಳುತ್ತಿದ್ದ. ಅವನ ಕೈಗೆ ಕೊಟ್ಟರೆ ಬ್ಯಾಂಕಿಗೆ ಕೊಟ್ಟಂತೆಯೇ. ವಿಮಾ ಏಜೆಂಟರನ್ನೂ ಜನ ಅದೇ ಲೆಕ್ಕದಲ್ಲಿ ನಂಬಿದರೆ ಆಶ್ಚರ್ಯವಿಲ್ಲ. ಕಾನೂನಿನ ಲೆಕ್ಕ ಬೇರೆ.

ಜೀವವಿಮೆ ನಡೆಸುತ್ತಿದ್ದ 245 ಸಂಸ್ಥೆಗಳ ವ್ಯವಹಾರ 1956ರ ಸೆಪ್ಟೆಂಬರ್ 1ರಂದು ಭಾರತೀಯ ಜೀವವಿಮಾ ನಿಗಮಕ್ಕೆ (ಎಲ್‌ಐಸಿ) ಬಂತು. ಅದರ 1972ರ ನಿಯಮಾವಳಿ ಏಜೆಂಟರಿಗೆ ಹಣ ವಸೂಲಿಯ ಅಧಿಕಾರ ಕೊಡಲಿಲ್ಲ. ಇದರ ಬಿಸಿ 1997ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಪ್ರಕರಣದಲ್ಲಿ ಕಾಣುತ್ತದೆ. 1987ರ ಮಾರ್ಚಿನ ಅರ್ಧವಾರ್ಷಿಕ ಕಂತು ಬಾಕಿಯಾಗಿತ್ತು. ಜೂನ್‌ನಲ್ಲಿ ಏಜೆಂಟ್ ಬೇರರ್ ಚೆಕ್ ಪಡೆದ. ಅದು ನಗದೂ ಆಯಿತು. ಆಗಸ್ಟ್ 9ರಂದು ಪಾಲಿಸಿದಾರ ಅಪಘಾತದಲ್ಲಿ ಸತ್ತ. ಎಲ್‌ಐಸಿಗೆ ಹಣ ಕಟ್ಟಿದ್ದು ಆಗಸ್ಟ್ 10ರಂದು. ಪಾಲಿಸಿ ಜಾರಿಯಲ್ಲಿರಲಿಲ್ಲ ಎಂದೇ ತೀರ್ಪಾಯಿತು. ಚೆಕ್ ಕೊಟ್ಟ ಮನುಷ್ಯ ಎರಡು ತಿಂಗಳು ತನಗೆ ವಿಮೆಯಿದೆ ಎಂದುಕೊಂಡೇ ಓಡಾಡಿರಬೇಕು.

ಸಂಬಳದಿಂದ ಕಂತು ಮುರಿಯುವ ಯೋಜನೆಯಲ್ಲಿ ಮಾತ್ರ ತಕ್ಕಡಿ ನಾಮಿನಿಯತ್ತ ವಾಲಿತು. ದೆಹಲಿಯ ವಿದ್ಯುತ್ ಸಂಸ್ಥೆಯೊಂದು ನೌಕರನ ಕಂತನ್ನು ಎಲ್‌ಐಸಿಗೆ ಕಳುಹಿಸದಿದ್ದಾಗ, ಮಾಲೀಕ ಸಂಸ್ಥೆಯೇ ಇಲ್ಲಿ ಎಲ್‌ಐಸಿಯ ಏಜೆಂಟ್ ಎಂದು 1999ರಲ್ಲಿ ಅದೇ ಕೋರ್ಟ್ ಹೇಳಿತು. ವಿಮೆಯ ಅರ್ಜಿ (ಪ್ರಪೋಸಲ್) ಒಪ್ಪಿಗೆಯಾಗುವ ಮೊದಲೇ ಆಗುವ ಸಾವಿನ ಬಗ್ಗೆ ಅದೇ ಕೋರ್ಟಿನ 1984ರ ತೀರ್ಪು ಕಟ್ಟುನಿಟ್ಟಿನದು: ಪ್ರೀಮಿಯಂ ಪಡೆದು ಸುಮ್ಮನಿದ್ದ ಮಾತ್ರಕ್ಕೆ ಪ್ರಪೋಸಲ್ ಒಪ್ಪಿದಂತಲ್ಲ. 2018ರ ತೀರ್ಪೊಂದು ಸಂದರ್ಭ ನೋಡಿ ಇದನ್ನು ಸಡಿಲಿಸಿತು.

ಗಡುವು ಮೀರಿದರೂ ಸಾಮಾನ್ಯವಾಗಿ ಒಂದು ತಿಂಗಳ ಗ್ರೇಸ್ ಅವಧಿ ಇರುತ್ತದೆ. ತಿಂಗಳ ಕಂತಿಗಾದರೆ 15 ದಿನ. ಲ್ಯಾಪ್ಸ್ ಆದದ್ದನ್ನು ಬಡ್ಡಿ ಸಹಿತ ಕಟ್ಟಿ ರಿವೈವ್ ಮಾಡಬಹುದು, ಆದರೆ ಹಿಂದಿನ ಅಪಘಾತಕ್ಕೆ ಅದು ಒದಗದು. 2012ರ ಮಾರ್ಚ್ 6ರಂದು ಅಪಘಾತ, 9ರಂದು ಬಾಕಿ ಪಾವತಿ, 21ರಂದು ಸಾವು: ಈ ಪ್ರಕರಣದಲ್ಲಿ ಅಪಘಾತ ವಿಮೆಯ ಹೆಚ್ಚುವರಿ ಮೊತ್ತ ಸಲ್ಲದೆಂದು 2021ರಲ್ಲಿ ತೀರ್ಪಾಯಿತು. ಕರ್ನಾಟಕದ ನಾಮಿನಿ ಮೊರೆಹೋಗುವ ಜಾಗಗಳು ಜಿಲ್ಲಾ ಗ್ರಾಹಕ ಆಯೋಗ ಮತ್ತು ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್.

2015ರ ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆಯಲ್ಲಿ ಕಂತು ಏಜೆಂಟನ ಕೈಗೆ ಹೋಗುವುದಿಲ್ಲ. 2 ಲಕ್ಷ ರೂಪಾಯಿಯ ಈ ವಿಮೆ ಜೂನ್ 1ರಿಂದ ಮೇ 31ರವರೆಗೆ. ಕಂತು ಖಾತೆಯಿಂದ ತಾನೇ ಕಡಿತವಾಗುತ್ತದೆ, ಖಾತೆಯಲ್ಲಿ ಹಣವಿದ್ದರೆ. ಹಾಗಾಗಿ ಸಾವಾದ ಮನೆಯವರು ಈಗ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಮೇ ಕೊನೆಯ ಸಾಲುಗಳಲ್ಲಿ 436 ರೂಪಾಯಿ ಹುಡುಕುತ್ತಾರೆ.