ಆರ್ಯಭಟದಲ್ಲಿ ಕರೆಂಟ್ ಕೈಕೊಟ್ಟ ಮೇಲೆ

ನೀರು ಹಾಯಿಸುವಾಗ ಕರೆಂಟ್ ಹೋಗಿ ಪಂಪ್‌ಸೆಟ್ ನಿಂತರೆ ಹೇಗಾಗುತ್ತದೆ ಎಂದು ನಿಮಗೆ ನಾವು ಹೇಳಬೇಕಿಲ್ಲ. 1975ರಲ್ಲಿ ಹಾಗೇ ಕರೆಂಟ್ ಕೈಕೊಟ್ಟಿದ್ದು ಬಾಹ್ಯಾಕಾಶದಲ್ಲಿ.

ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಬೆಂಗಳೂರಿನ ಪೀಣ್ಯದ ಶೆಡ್‌ಗಳಲ್ಲಿ. ತಂಡದ ಮುಖ್ಯಸ್ಥರು ಉಡುಪಿ ಹತ್ತಿರದ ಅದಮಾರಿನ ಯು. ಆರ್. ರಾವ್. ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಮೇಲಕ್ಕೆ ಒಯ್ದಿತು. ಅದರೊಳಗೆ ಆಕಾಶದಿಂದ ಬರುವ ಎಕ್ಸ್-ರೇ ಹಿಡಿಯುವ ಉಪಕರಣವೂ ಇತ್ತು.

ಆಸ್ಪತ್ರೆಯಲ್ಲಿ ಮೂಳೆ ತೋರಿಸುವ ಕಿರಣವೇ ಇದು. ಕೆಲವು ಕಪ್ಪುಕುಳಿಗಳು ಪಕ್ಕದ ನಕ್ಷತ್ರದ ಅನಿಲವನ್ನು ಎಳೆದುಕೊಳ್ಳುತ್ತವೆ. ಸುತ್ತುತ್ತಾ ಒಳಗೆ ಬೀಳುವ ಅನಿಲ ವಿಪರೀತ ಕಾದು ಎಕ್ಸ್-ರೇ ಸೂಸುತ್ತದೆ. ಅನಿಲ ಒಂದೇ ಸಮನೆ ಬೀಳುವುದಿಲ್ಲ. ಹಾಗಾಗಿ ಬೆಳಕೂ ಏರುತ್ತದೆ, ಇಳಿಯುತ್ತದೆ. ಕಪ್ಪುಕುಳಿ ಕಣ್ಣಿಗೆ ಕಾಣದು; ಈ ಏರಿಳಿತವೇ ಅದರ ಸುಳಿವು. ನಮ್ಮ ವಾತಾವರಣ ಆ ಕಿರಣಗಳನ್ನು ನೆಲದವರೆಗೆ ಬಿಡುವುದಿಲ್ಲ. ನೋಡಬೇಕೆಂದರೆ ಮೇಲಕ್ಕೇ ಹೋಗಬೇಕು, ಬಿಡದೆ ಕಾಯಬೇಕು.

ಆರ್ಯಭಟಕ್ಕೆ ಕಾಯುವ ಭಾಗ್ಯ ಇರಲಿಲ್ಲ. ಸಿಗ್ನಸ್ ಎಕ್ಸ್-1 ಎಂಬ ಹೆಸರಾಂತ ಎಕ್ಸ್-ರೇ ಮೂಲವನ್ನು ಒಂದಿಷ್ಟು ನೋಡಿತು. ನಾಲ್ಕೈದು ದಿನಕ್ಕೇ ವಿದ್ಯುತ್ ದೋಷದಿಂದ ಪ್ರಯೋಗಗಳು ನಿಂತವು. ಉಪಗ್ರಹ ಕಟ್ಟಬಲ್ಲೆವು ಎಂಬುದು ಖಚಿತವಾಯಿತು, ಆಕಾಶ ನೋಡುವ ಕೆಲಸ ಅರ್ಧಕ್ಕೇ ಉಳಿಯಿತು.

ಆ ಕೆಲಸ ಮತ್ತೆ ಹಿಡಿಯಲು ವರ್ಷಗಳೇ ಬೇಕಾದವು. 1996ರಲ್ಲಿ ಐಆರ್‌ಎಸ್-ಪಿ3 ಉಪಗ್ರಹದ ಜೊತೆ ಒಂದು ಸಣ್ಣ ಎಕ್ಸ್-ರೇ ಉಪಕರಣ ಹೋಯಿತು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ನಮ್ಮದೇ ದೂರದರ್ಶಕ ಆಸ್ಟ್ರೋಸ್ಯಾಟ್ ಹಾರಿತು. ಅದರಲ್ಲಿ ಬೆಂಗಳೂರಿನಲ್ಲಿ ತಯಾರಾದ, ತಿರುಗುತ್ತಾ ಆಕಾಶ ಕಾಯುವ ಮೂರು ಕ್ಯಾಮೆರಾಗಳಿವೆ. ಎಲ್ಲಾದರೂ ಎಕ್ಸ್-ರೇ ಹೆಚ್ಚಿದರೆ ಗುರುತಿಸುವುದು ಅವುಗಳ ಕೆಲಸ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಉಪಕರಣವಂತೂ ಜಿಆರ್‌ಎಸ್ 1915+105 ಎಂಬ ಕಪ್ಪುಕುಳಿಯ ಬೆಳಕು ಸೆಕೆಂಡಿಗೆ ಸುಮಾರು 70 ಬಾರಿ ಮಿಡಿಯುವುದನ್ನು ಅಳೆಯಿತು.

ಐದು ವರ್ಷಕ್ಕೆಂದು ಕಳಿಸಿದ ಆಸ್ಟ್ರೋಸ್ಯಾಟ್ ಹತ್ತು ವರ್ಷ ದಾಟಿದೆ. ಅದು ಹಾರಿದ್ದನ್ನು ರಾವ್ ಅವರು ನೋಡಿದರು, 2017ರಲ್ಲಿ ತೀರಿಕೊಂಡರು. ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಈಗ ಅವರದೇ ಹೆಸರು. ಪೀಣ್ಯದ ಶೆಡ್‌ನಿಂದ ಹೊರಟ ನಾಲ್ಕು ದಿನದ ನೋಟಕ್ಕೆ ಉತ್ತರ ಸಿಗಲು ನಲವತ್ತು ವರ್ಷ ಬೇಕಾಯಿತು. ಸೋತ ಪ್ರಯೋಗ ಎಂದು ಯಾರಾದರೂ ಅಂದರೆ ನಾವು ಇದನ್ನು ನೆನಪಿಸುತ್ತೇವೆ.